ಮೂರು ಜೊತೆ ಫಾರ್ಮಲ್ಸ್

ಶನಿವಾರ ಸಂಜೆ ಭಾನುಪ್ರಿಯಳ ಫೋನಿಗೆ ಬಂದ ಮೆಸೇಜಿನಲ್ಲಿ ಇದ್ದದ್ದು ಮೂರೇ ಸಾಲು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕೆಲಸಕ್ಕೆ ಹಾಜರಾಗಬೇಕು. ಒಳಗೆ ಮಿಷನ್ನುಗಳು ಓಡುವುದರಿಂದ ಸೀರೆ, ದುಪಟ್ಟಾ ಬೇಡ, ಜೀನ್ಸೂ ನಡೆಯದು, ಫಾರ್ಮಲ್ ಪ್ಯಾಂಟು ಶರ್ಟು ಮಾತ್ರ. ತಪ್ಪಿದವರನ್ನು ಗೇಟಿನಿಂದಲೇ ವಾಪಸು ಕಳಿಸಲಾಗುವುದು.

ಕೆಲಸ ಬಿಡದಿಯಲ್ಲಿ. ಕಾರಿನ ಸೀಟು ಮಾಡುವ ಒಂದು ಕಂಪನಿಯ ಡಿಸ್ಪ್ಯಾಚ್ ಆಫೀಸು. ಬಿ.ಕಾಂ. ಮುಗಿಸಿ ಎರಡು ವರ್ಷ ಕೂತು, ಎಂಟು ಇಂಟರ್‌ವ್ಯೂಗಳಲ್ಲಿ 'ತಿಳಿಸುತ್ತೇವೆ' ಅನ್ನಿಸಿಕೊಂಡು, ಒಂಬತ್ತನೆಯದರಲ್ಲಿ ಸಿಕ್ಕಿದ್ದು. ಅವಳ ಬೀರುವಿನಲ್ಲಿ ಆರು ಚೂಡಿದಾರ ಇದ್ದವು, ಒಂದು ಜೀನ್ಸ್ ಇತ್ತು. ಅಂದರೆ ಕಂಪನಿ ಬೇಡ ಅಂದದ್ದೆಲ್ಲ ಇತ್ತು, ಬೇಕು ಅಂದದ್ದು ಒಂದೂ ಇರಲಿಲ್ಲ.

ಅವತ್ತೇ ಚನ್ನಪಟ್ಟಣದ ದೊಡ್ಡ ಬಟ್ಟೆ ಅಂಗಡಿಗೆ ಹೋದಳು. ಒಂದು ಲೇಡೀಸ್ ಪ್ಯಾಂಟಿಗೆ ನೇತುಹಾಕಿದ್ದ ಬೆಲೆಯ ಚೀಟಿ ಓದಿದಳು. ನಿದ್ದೆ ಹೋದ ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಅದನ್ನು ಮೆಲ್ಲಗೆ ಅದರ ಜಾಗದಲ್ಲೇ ಮಲಗಿಸಿ ಈಚೆಗೆ ಬಂದಳು.

ರಾತ್ರಿಯೆಲ್ಲ ಯೋಚಿಸುವಂಥದ್ದೇನೂ ಇರಲಿಲ್ಲ. ಮನೆಯಲ್ಲಿ ಟ್ರಂಕು ಇತ್ತು.

ಆ ಟ್ರಂಕಿನ ತುಂಬ ಉಡುಗೊರೆಯ ಬಟ್ಟೆ. ಮದುವೆಯೋ ಗೃಹಪ್ರವೇಶವೋ ಬೀಗರೂಟವೋ, ಆ ಮನೆಯ ಗಂಡಸಿಗೆ ಒಂದು ರಟ್ಟಿನ ಡಬ್ಬಿಯಲ್ಲಿ ಪ್ಯಾಂಟ್ ಪೀಸು, ಶರ್ಟ್ ಪೀಸು ಕೊಡುವುದು ಆ ಕಡೆಯ ಪದ್ಧತಿ. ಭಾನುಪ್ರಿಯಳ ಅಪ್ಪ ಬೋರಲಿಂಗಯ್ಯ ಜನ್ಮದಲ್ಲಿ ಪ್ಯಾಂಟಿಗೆ ಕಾಲು ತೂರಿಸಿದವನಲ್ಲ, ಪಂಚೆಯವನು. ಅವನಿಗೆ ಬಂದ ಡಬ್ಬಿಗಳನ್ನು ಅಮ್ಮ ಸಿದ್ದಮ್ಮ ಟ್ರಂಕಿನಲ್ಲಿಟ್ಟು ಮುಂದಿನ ಮದುವೆಗೆ ಬೇರೆಯವರಿಗೆ ಕೊಡುತ್ತಿದ್ದಳು. ಅವರು ಅದನ್ನು ಇನ್ನೊಬ್ಬರಿಗೆ ಕೊಡುತ್ತಿದ್ದರು. ಒಂದೊಂದು ಡಬ್ಬಿಯೂ ಕನಕಪುರ, ಮಾಗಡಿ, ರಾಮನಗರ ಸುತ್ತಿ, ಸರ್ಕಾರಿ ಬಸ್ಸಿಗಿಂತ ಹೆಚ್ಚು ಊರು ನೋಡಿ ಮತ್ತೆ ಹೊರಟ ಮನೆಗೇ ಬರುತ್ತಿತ್ತು. ಅದನ್ನು ಬಿಚ್ಚಿ ಹೊಲಿಸಿ ತೊಟ್ಟ ಒಬ್ಬನನ್ನೂ ಯಾರೂ ಕಂಡಿರಲಿಲ್ಲ.

ಭಾನುವಾರ ಬೆಳಿಗ್ಗೆ ಸಿದ್ದಮ್ಮ, ಮಗಳಿಗೆ ಕೆಲಸ ಸಿಕ್ಕಿದ ಹರಕೆ ತೀರಿಸಲು ಕಬ್ಬಾಳಮ್ಮನ ಗುಡಿಗೆ ಹೋದಳು. ಬಸ್ಸು ತಿರುವು ದಾಟುವುದನ್ನೇ ಕಾಯುತ್ತಿದ್ದ ಮಗಳು ಟ್ರಂಕು ತೆಗೆದು, ಚೆನ್ನಾಗಿ ಕಂಡ ಮೂರು ಡಬ್ಬಿ ಚೀಲಕ್ಕೆ ಹಾಕಿಕೊಂಡು ಬಾಗಿಲು ಎಳೆದಳು.

ಪಕ್ಕದ ಮನೆ ಅಂಬುಜಮ್ಮ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಆ ಬೀದಿಯಲ್ಲಿ ಅವಳ ಕಣ್ಣು ತಪ್ಪಿಸಿ ಬೆಕ್ಕೂ ಮರಿ ಹಾಕಿರಲಿಲ್ಲ.

"ಏನೇ ಭಾನು, ನಿಮ್ಮವ್ವ ಅತ್ಲಾಗ್ ಹೋಯ್ತಿದ್ದಂಗೆ ಚೀಲ ತುಂಬ್ಕೊಂಡು ಇತ್ಲಾಗ್ ಓಡೋಯ್ತಿದ್ದೀಯ?"

"ಓಡೋಗೋರು ಅಪ್ಪನ ಪ್ಯಾಂಟ್ ಪೀಸ್ ತಕೊಂಡ್ ಹೋಯ್ತಾರಾ ಅತ್ತೆ? ನಾಳೆ ಕೆಲ್ಸಕ್ಕೆ ಸೇರ್ಬೇಕು. ಪ್ಯಾಂಟು ಹೊಲಿಸ್ಕೊಳಕೆ."

"ಪ್ಯಾಂಟಾ? ನಂದೇ ಮೂರು ಸೀರೆ ಕೊಡ್ತೀನಿ, ಉಟ್ಕೊಂಡು ಲಕ್ಷಣವಾಗಿ ಹೋಗು."

"ಸೀರೆ ಬ್ಯಾಡ ಅಂದವ್ರೆ."

"ಕಚ್ಚೆ ಹಾಕಿ ಉಡಿಸ್ತೀನಿ ಕಣೇ. ಕಚ್ಚೆ ಹಾಕಿದ್ರೆ ಅದೂ ಎರಡು ಕಾಲಿನ ಪ್ಯಾಂಟೇ ಅಲ್ವಾ? ಯಾವ ಮ್ಯಾನೇಜರ್ರು ಬಗ್ಗಿ ನೋಡ್ತಾನೆ?"

"ಬಗ್ಗಿ ನೋಡಿದ್ರೆ ಒದೀತೀನಿ. ಒದೆಯಕ್ಕೂ ಪ್ಯಾಂಟೇ ವಾಸಿ," ಎಂದು ಭಾನುಪ್ರಿಯ ನಡೆದಳು.

ಬೀದಿಯ ಕೊನೆಯಲ್ಲಿ ತಾಜ್ ಪಾಷಾನ ಮನೆ. ಮುಂದಿನ ಕೋಣೆಯಲ್ಲಿ ಅವನ ಹೊಲಿಗೆ ಮಿಷನ್ನು, ಗಂಡಸರಿಗೆ. ಪರದೆಯ ಹಿಂದೆ ಹೆಂಡತಿ ಶರ್ಫುನ್ನೀಸಾಳ ಮಿಷನ್ನು, ಹೆಂಗಸರಿಗೆ. ಮೂವತ್ತು ವರ್ಷದಿಂದ ಆ ಪರದೆ ದೇಶದ ಗಡಿಯ ಹಾಗೆ ನಿಂತಿತ್ತು.

"ಹೆಣ್ಮಕ್ಕಳ ಬಟ್ಟೆ ನಾನು ಮುಟ್ಟಲ್ಲಮ್ಮ," ಎಂದ ತಾಜ್ ಪಾಷಾ. "ಒಳಗೆ ಕೇಳು."

"ಚೂಡಿದಾರ ಕೊಡು, ಅರ್ಧ ದಿನದಲ್ಲಿ ಕೊಡ್ತೀನಿ," ಪರದೆಯ ಹಿಂದಿನಿಂದ ಶರ್ಫುನ್ನೀಸಾ ಹೇಳಿದಳು. "ಜಿಪ್ಪು, ನಾಲ್ಕು ಜೇಬು ಇರೋ ಪ್ಯಾಂಟು ನಂಗೆ ಬರಲ್ಲ. ಅವರ್ನೇ ಕೇಳು."

"ಹಂಗಾದ್ರೆ ನಾನು ಒಸಿ ಗಂಡಸಾಗ್ಬುಟ್ಟು ಬತ್ತೀನಿ, ಆಗ್ಬೋದಾ ಪಾಷಣ್ಣ?" ಎಂದಳು ಭಾನುಪ್ರಿಯ. ಹೊಸ್ತಿಲ ಬಳಿಯ ಸ್ಟೂಲಿನ ಮೇಲೆ ಚೀಲ ಸಮೇತ ಕೂತಳು. "ನಾಳೆ ಪ್ಯಾಂಟಿಲ್ಲ ಅಂದ್ರೆ ನನ್ನ ಗೇಟಿಂದ್ಲೇ ಓಡಿಸ್ತಾರೆ. ಹೊಲಿಯೋಗಂಟ ಇಲ್ಲಿಂದ ಏಳಲ್ಲ. ಮಧ್ಯಾಹ್ನದ ಊಟಕ್ಕೂ ನಂಗೇನೂ ಸಂಕೋಚ ಇಲ್ಲ ಶರ್ಫಕ್ಕ."

ಗಂಡ ಹೆಂಡತಿ ಪರದೆಯ ಎರಡೂ ಕಡೆಯಿಂದ ಹತ್ತು ನಿಮಿಷ ವಾದಿಸಿದರು. ಕೊನೆಗೆ ಒಪ್ಪಂದವಾಯಿತು. ಅಳತೆ ಹೆಂಡತಿಯದು, ಕತ್ತರಿ ಗಂಡನದು, ಹೊಲಿಗೆ ಇಬ್ಬರದೂ, ಗುಂಡಿ ಕಾಜ ಭಾನುಪ್ರಿಯಳದು.

"ಸೊಂಟ ಇಪ್ಪತ್ತೆಂಟು!" ಒಳಗಿನಿಂದ ಕೂಗು ಬಂತು.

"ಸರಿಯಾಗಿ ಹಿಡಿ. ಇಪ್ಪತ್ತೆಂಟು ನನ್ನ ಗಿರಾಕಿಗಳ ತೊಡೆ."

"ನಿಮ್ಮ ಗಿರಾಕಿಗಳ ತೊಡೆ ಅಲ್ಲ, ಇದು ಹುಡುಗಿ. ಬರ್ಕೊಳ್ಳಿ!"

ತಾಜ್ ಪಾಷಾ ಮೊದಲ ಡಬ್ಬಿಯ ರಿಬ್ಬನ್ ಬಿಚ್ಚಿದ. ಮೇಲೆ ಬೂದು ಬಣ್ಣದ ಪ್ಯಾಂಟ್ ಪೀಸು, ಕೆಳಗೆ ಆಕಾಶ ನೀಲಿ ಶರ್ಟ್ ಪೀಸು, ಅದರ ಕೆಳಗೆ ರಟ್ಟು, ಅದರ ಕೆಳಗೆ ಇನ್ನೊಂದು ರಟ್ಟು, ಮಡಿಚಿದ ಹಳೇ ಪೇಪರು. ಬಟ್ಟೆಯನ್ನು ಟೇಬಲ್ಲಿನ ಮೇಲೆ ಹಾಸಿ ಅಳೆದ. ಮತ್ತೊಮ್ಮೆ ಅಳೆದ. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡ.

"ಇದರಲ್ಲಿ ಯಾವ ಗಂಡಸಿಗೂ ಪ್ಯಾಂಟ್ ಆಗಲ್ಲಮ್ಮ. ಮುಕ್ಕಾಲು ಕಾಲಿಗೇ ನಿಂತೋಗ್ತದೆ."

"ಅಂದ್ರೆ ಇಷ್ಟು ವರ್ಷ ಜನ ಒಬ್ಬರಿಗೊಬ್ಬರು ಕೊಡ್ತಿದ್ದಿದ್ದು ರಟ್ಟಾ?"

"ರಟ್ಟೇ. ಬಟ್ಟೆ ಅದರ ಮೇಲಿನ ಹೊದಿಕೆ." ಅವನು ಅವಳ ಅಳತೆ ಚೀಟಿ ನೋಡಿದ. "ನಿಂಗೆ ಆಗ್ತದೆ. ಬೆರಳಷ್ಟೂ ಮಿಗಲ್ಲ, ಆದರೆ ಆಗ್ತದೆ." ಮೂರು ಡಬ್ಬಿಯದೂ ಅದೇ ಕತೆ. ಅವನು ಕತ್ತರಿ ಹಾಕಿದ.

ಮಧ್ಯಾಹ್ನ ಒಂದೂವರೆಗೆ ಸಿದ್ದಮ್ಮ ಬಂದಳು. ಕುಂಕುಮ ಇನ್ನೂ ಹಣೆಯಲ್ಲಿತ್ತು, ಸಮಾಧಾನ ಮುಖದಲ್ಲಿ ಇರಲಿಲ್ಲ. ಹಿಂದೆಯೇ ಅವಳ ತಮ್ಮ ಕೆಂಪರಾಜು. ಮಾಗಡಿಯಲ್ಲಿ ಹೊಸ ಮನೆ ಕಟ್ಟಿಸಿ, ಬುಧವಾರದ ಗೃಹಪ್ರವೇಶಕ್ಕೆ ಕರೆಯಲು ಬಂದಿದ್ದ. ಅವರ ಹಿಂದೆ, ದಾರಿ ತೋರಿಸುವ ನೆಪದಲ್ಲಿ, ಅಂಬುಜಮ್ಮ.

"ಸಾಬ್ರೆ, ಕತ್ತರಿ ಬುಡಿ!" ಸಿದ್ದಮ್ಮ ಬಾಗಿಲಿನಿಂದಲೇ ಕೂಗಿದಳು. ಟೇಬಲ್ಲಿನ ಮೇಲೆ ಪ್ಯಾಂಟಿನ ಕಾಲುಗಳು ಬೇರೆ ಬೇರೆ ಬಿದ್ದಿದ್ದವು. ಅವಳು ಎದೆ ಹಿಡಿದುಕೊಂಡಳು. "ಅಯ್ಯೋ, ಕತ್ತರಿಸಿಬುಟ್ರಾ? ಅದು ಕತ್ತರಿಸೋ ಬಟ್ಟೆ ಅಲ್ಲ ಸಾಬ್ರೆ, ಕೊಡೋ ಬಟ್ಟೆ!"

"ಬಟ್ಟೆ ಅಂದ್ಮೇಲೆ ಕತ್ತರಿಸ್ತಾರಮ್ಮ," ತಾಜ್ ಪಾಷಾ ಮೆಲ್ಲಗೆ ಹೇಳಿದ.

"ಬೂದು ಬಣ್ಣದ್ದು ಬುಧವಾರ ಇವ್ನಿಗೆ ಅಂತ ಎತ್ತಿಟ್ಟಿದ್ದೆ! ಈಗ ಗೃಹಪ್ರವೇಶಕ್ಕೆ ಏನ್ ಕೊಡ್ಲಿ? ಕೈ ಬೀಸ್ಕೊಂಡ್ ಹೋಗ್ಲಾ?"

ಕೆಂಪರಾಜು ಎದೆ ಉಬ್ಬಿಸಿದ. "ನಂದು ಬುಡಕ್ಕಾ. ಒಡಹುಟ್ಟಿದೋನ ಬಟ್ಟೆ ಕತ್ತರಿಸಿ ಮಗಳಿಗೆ ಹೊಲಿಸ್ತಾವ್ಳೆ ಅಂತ ನಾಕು ಜನ ಆಡ್ಕೊಂಡ್ರೆ ಆಡ್ಕೊಳ್ಳಿ. ಹೆಣ್ಮಗು ಪ್ಯಾಂಟ್ ಹಾಕ್ಕೊಂಡು ಬೀದೀಲಿ ಹೋದ್ರೆ ಮಾವ ಅನ್ನಿಸ್ಕೊಂಡೋನು ತಲೆ ತಗ್ಗಿಸ್ಬೇಕು, ತಗ್ಗಿಸ್ತೀನಿ. ಏನ್ ಮಾಡಾದು?"

ಭಾನುಪ್ರಿಯ ಬಾಯಲ್ಲಿ ಹಿಡಿದಿದ್ದ ದಾರ ಕಡಿದಳು. ಬೂದು ಬಟ್ಟೆಯ ಖಾಲಿ ಡಬ್ಬಿ ಎತ್ತಿಕೊಂಡು, ಅದರ ತಳಕ್ಕೆ ಅಂಟಿಸಿದ್ದ ಒಂದು ಚೀಟಿಯನ್ನು ಕಿತ್ತು ಎಲ್ಲರಿಗೂ ಕೇಳುವಂತೆ ಓದಿದಳು.

"'ಪ್ರೀತಿಯ ಭಾವನವರಿಗೆ, ಕೆಂಪರಾಜು, ಮಾಗಡಿ.' ಇದು ನೀವೇ ಅಪ್ಪಂಗೆ ಕೊಟ್ಟಿದ್ದು ಮಾಮ. ನಿಮ್ದು ನಿಮಗೇ ವಾಪಸ್ ಬತ್ತಿತ್ತು. ಅದೂ ಪೂರ್ತಿ ಪ್ಯಾಂಟಲ್ಲ, ಮುಕ್ಕಾಲುದ್ದ."

ಬೀದಿಯಲ್ಲಿ ನಿಂತಿದ್ದ ಅಂಬುಜಮ್ಮ ಒಳಗೆ ಒಂದು ಹೆಜ್ಜೆ ಇಟ್ಟಳು. ಇಂಥದ್ದನ್ನು ದೂರದಿಂದ ಕೇಳುವುದು ಅವಳಿಗೆ ಒಪ್ಪಿಗೆಯಿರಲಿಲ್ಲ.

"ನಂಗೇನ್ ಗೊತ್ತು ಕಣವ್ವ," ಕೆಂಪರಾಜು ತೊದಲಿದ. "ನಂಗೂ ಯಾರೋ ಕೊಟ್ಟಿದ್ದು. ನಾನೂ ಬಿಚ್ಚಿ ನೋಡಿರ್ಲಿಲ್ಲ."

"ಹಂಗಾದ್ರೆ ಅವ್ವ, ನೀನ್ಯಾಕ್ ಯೋಚ್ನೆ ಮಾಡ್ತೀಯ? ರಟ್ಟು ಹಂಗೇ ಐತೆ, ರಿಬ್ಬನ್ನೂ ಐತೆ. ಕಟ್ಟಿ ಮಾಮಂಗೆ ಕೊಡು. ಬಿಚ್ಚಿ ನೋಡಲ್ಲ ಅಂತ ಅವ್ರೇ ಹೇಳ್ತಾವ್ರೆ."

ಸಿದ್ದಮ್ಮ ಅಳಬೇಕು ಅಂದುಕೊಂಡಿದ್ದಳು. ಸೆರಗು ಬಾಯಿಗೆ ಹೋಗುವಷ್ಟರಲ್ಲಿ ನಗು ಬಂದುಬಿಟ್ಟಿತು. ಪರದೆಯ ಹಿಂದೆ ಶರ್ಫುನ್ನೀಸಾಳ ಮಿಷನ್ನು ನಿಂತಿತು, ಅವಳೂ ನಗುತ್ತಿದ್ದಳು. ಕೆಂಪರಾಜು ಕಾಫಿ ಕೂಡ ಕುಡಿಯದೆ ಬಸ್ಸಿಗೆ ಹೊರಟ. ಬುಧವಾರ ಬರಬೇಕು ಎಂದು ಮಾತ್ರ ಎರಡು ಸಲ ಹೇಳಿದ.

ಸಂಜೆ ಆರಕ್ಕೆ ಮೂರು ಜೊತೆ ಸಿದ್ಧವಾದವು. ಬೂದು ಪ್ಯಾಂಟಿಗೆ ಆಕಾಶ ನೀಲಿ ಶರ್ಟು. ಕಪ್ಪು ಪ್ಯಾಂಟಿಗೆ ಮರೂನ್ ಚೆಕ್ಸು. ಕಂದು ಪ್ಯಾಂಟಿಗೆ ಸಾಸಿವೆ ಬಣ್ಣದ ಗೀಟುಗಳದು. ಭಾನುಪ್ರಿಯ ಮೊದಲನೆಯದನ್ನು ತೊಟ್ಟು, ಬೇಕೆಂದೇ ಬೀದಿಯ ಈ ತುದಿಯಿಂದ ಆ ತುದಿಗೆ ನಡೆದಳು. ನಾಲ್ಕು ಬಾಗಿಲಲ್ಲಿ ತಲೆಗಳು ಕಂಡವು.

"ಹಿಂದಿಂದ ನೋಡಿದ್ರೆ ಕರೆಂಟಿನ ರೀಡಿಂಗ್ ತಕೊಳಾಕೆ ಬಂದೋರಂಗೆ ಕಾಣ್ತೀಯ ಕಣೇ," ಅಂಬುಜಮ್ಮ ಅಂದಳು.

"ಹಂಗಾದ್ರೆ ಒಸಿ ಹೆದ್ರಿಕೊಂಡಿರು ಅತ್ತೆ."

ಕನ್ನಡಿಯಲ್ಲಿ ಕಂಡವಳು ಭಾನುಪ್ರಿಯಳಿಗೆ ಇಷ್ಟವಾದಳು. ಜೇಬಿನಲ್ಲಿ ಕೈ ಇಟ್ಟು ನಿಲ್ಲುವುದು ಎಷ್ಟು ಸುಖ ಎಂದು ಇಪ್ಪತ್ಮೂರು ವರ್ಷ ಯಾರೂ ಅವಳಿಗೆ ಹೇಳಿರಲಿಲ್ಲ. ಒಂದು ಪೈಸೆಯ ಬಟ್ಟೆಯನ್ನೂ ಕೊಂಡಿರಲಿಲ್ಲ, ಯಾರ ಸೀರೆಯನ್ನೂ ಕೇಳಿರಲಿಲ್ಲ, ಯಾರ ಮಾತಿಗೂ ತಲೆ ತಗ್ಗಿಸಿರಲಿಲ್ಲ.

ಸೋಮವಾರ ಒಂಬತ್ತಕ್ಕೆ ಇಪ್ಪತ್ತು ನಿಮಿಷ ಇರುವಾಗ ಅವಳು ಕಂಪನಿಯ ಗೇಟಿನಲ್ಲಿ ನಿಂತಿದ್ದಳು. ಗೇಟಿನವನು ಅವಳನ್ನು ಕಂಡದ್ದೇ ಸಿಡುಕಿದ.

"ಏನಮ್ಮಾ, ಇಷ್ಟೊತ್ತಿಗೆ ಬರಾದಾ? ಶಿಫ್ಟು ಆರು ಗಂಟೆಗೆ. ಟೋಪಿ ಎಲ್ಲಿ ಮಡಗಿದೆ?"

ಭಾನುಪ್ರಿಯ ಅವನನ್ನು ನೋಡಿದಳು. ಎದೆಯ ಪಟ್ಟಿಯ ಮೇಲೆ ಕರಿಯಪ್ಪ ಎಂದಿತ್ತು. ಪಟ್ಟಿಯ ಹಿಂದೆ ಆಕಾಶ ನೀಲಿ ಶರ್ಟಿತ್ತು. ಅದರ ಕೆಳಗೆ ಬೂದು ಪ್ಯಾಂಟಿತ್ತು. ಅವನ ಹಿಂದೆ ಸಾಲಾಗಿ ನಿಂತಿದ್ದ ಇನ್ನೂ ನಾಲ್ವರು ಸೆಕ್ಯೂರಿಟಿಯವರು ಅವಳಂತೆಯೇ ತೊಟ್ಟಿದ್ದರು. ತಾಜ್ ಪಾಷಾನ ಹೊಲಿಗೆ ಮಾತ್ರ ಅವರದಕ್ಕಿಂತ ಚೆನ್ನಾಗಿತ್ತು.

"ನಾನು ಡಿಸ್ಪ್ಯಾಚ್ ಆಫೀಸಿಗೆ," ಎಂದು ಕೆಲಸದ ಪತ್ರ ತೋರಿಸಿದಳು.

ಕರಿಯಪ್ಪ ಪತ್ರವನ್ನೂ ಪ್ಯಾಂಟನ್ನೂ ಎರಡೆರಡು ಸಲ ಓದಿದ. "ಮತ್ತೆ ಈ ಬಟ್ಟೆ ನಿಮ್ಗೆ ನಮ್ ಕಂಟ್ರಾಕ್ಟರು ಕೊಟ್ಟಿದ್ದಾ?"

"ನಮ್ ಮಾಮ ಕೊಟ್ಟಿದ್ದು."

"ಓ, ಉಡುಗೊರೆ ಡಬ್ಬಿದಾ!" ಅವನ ಮುಖ ಅರಳಿತು. "ಹತ್ತು ವರ್ಸದಿಂದ ಕಂಟ್ರಾಕ್ಟರು ಇಲ್ಲಿ ಎಲ್ಲಾರ್ಗೂ ಒಂದೇ ಅಂಗಡಿ ಬಟ್ಟೆ ತರಿಸ್ತಾವ್ನೆ. ನಮ್ಗೆ ಕತ್ತರಿಸಿ ಮಿಕ್ಕಿದ್ ತುಂಡ ಅಂಗಡಿಯೋರು ಡಬ್ಬಿಗೆ ತುಂಬಿ ಮದ್ವೆಗೆ ಮಾರ್ತಾರೆ. ಹೋಗಿ ಮೇಡಂ, ಬಲಗಡೆ ಗಾಜಿನ ಬಾಗ್ಲು."

ಗಾಜಿನ ಬಾಗಿಲೊಳಗೆ ಎಚ್.ಆರ್. ಮಿಸ್ಬಾ ಕೂತಿದ್ದಳು. ಭಾನುಪ್ರಿಯಳದೇ ವಯಸ್ಸು, ಇಸ್ತ್ರಿ ಮಾಡಿದ ಮುಖ. ತಲೆ ಎತ್ತದೆ, ಬೂದು ಪ್ಯಾಂಟಿನ ಕಾಲಷ್ಟೇ ಕಂಡು ಹೇಳಿದಳು: "ಸೆಕ್ಯೂರಿಟಿಯವರು ಬೂಟು ಹೊರಗೆ ಬಿಡಬೇಕು."

"ನಾನು ಭಾನುಪ್ರಿಯ, ಮೇಡಂ. ಇವತ್ತು ಸೇರೋಳು."

ಮಿಸ್ಬಾ ತಲೆ ಎತ್ತಿದಳು. ಮೆಸೇಜಿನ ಮೂರು ಸಾಲನ್ನು ಅವಳೇ ಬರೆದಿದ್ದಳು. ಈಗ ಒಂದೊಂದನ್ನೇ ಈ ಹುಡುಗಿಗೆ ಹಚ್ಚಿ ನೋಡಿದಳು. ಪ್ಯಾಂಟು ಇತ್ತು. ಶರ್ಟು ಇತ್ತು. ಸೀರೆ, ದುಪಟ್ಟಾ, ಜೀನ್ಸು ಇರಲಿಲ್ಲ. ತಪ್ಪು ಎಲ್ಲಿಯೂ ಸಿಗಲಿಲ್ಲ.

"ನಾಳೆ ಬೇರೆ ಬಣ್ಣದ್ದು ಹಾಕ್ಕೊಂಡು ಬನ್ನಿ," ಎಂದಳು.

"ಐತೆ ಮೇಡಂ. ಮರೂನ್ ಚೆಕ್ಸು, ಕಪ್ಪು ಪ್ಯಾಂಟು."

ಆಗಲೇ ಬಾಗಿಲ ಬಳಿ ನೆಲ ಒರೆಸುತ್ತ ಇಬ್ಬರು ಹೌಸ್‌ಕೀಪಿಂಗ್ ಹೆಂಗಸರು ಬಂದರು. ಮರೂನ್ ಚೆಕ್ಸು, ಕಪ್ಪು ಪ್ಯಾಂಟು. ಮಿಸ್ಬಾ ಅವರನ್ನು ನೋಡಿದಳು, ಭಾನುಪ್ರಿಯಳನ್ನು ನೋಡಿದಳು.

"ನಾಡಿದ್ದು?"

ಭಾನುಪ್ರಿಯ ಉತ್ತರಿಸಬೇಕಾಗಲಿಲ್ಲ. ಕ್ಯಾಂಟೀನಿನವನು ಟೀ ತಟ್ಟೆ ಹಿಡಿದು ಒಳಗೆ ಬಂದ, ಕಂದು ಪ್ಯಾಂಟಿನಲ್ಲಿ, ಸಾಸಿವೆ ಬಣ್ಣದ ಗೀಟಿನ ಶರ್ಟಿನಲ್ಲಿ. ಅವಳು ಅವನತ್ತ ಬೆರಳು ತೋರಿಸಿದಳು.

ಮಿಸ್ಬಾ ಟೀ ಕುಡಿದಳು. "ನೋಡಿ, ಆಫೀಸಿನವರು ಆಫೀಸಿನವರ ಥರ ಕಾಣಬೇಕು."

"ಹಂಗಂತ ರೂಲ್ಸಲ್ಲಿ ಬರ್ದುಕೊಡಿ ಮೇಡಂ. ಗೇಟಿನೋರಂಗೆ, ಕಸ ಗುಡಿಸೋರಂಗೆ, ಟೀ ಕೊಡೋರಂಗೆ ಕಾಣ್ಬಾರ್ದು ಅಂತ. ಅವ್ರೂ ಓದ್ಲಿ."

ಹೆಂಗಸರು ಒರೆಸುವುದನ್ನು ನಿಲ್ಲಿಸಿದರು. ಟೀಯವನು ತಟ್ಟೆ ಹಿಡಿದೇ ನಿಂತ. ಮಿಸ್ಬಾ ರಿಜಿಸ್ಟರ್ ಎಳೆದುಕೊಂಡು ಬೇಗ ಬೇಗ ಸಹಿ ಮಾಡಿಸಿ, ಕೂರುವ ಜಾಗ ತೋರಿಸಿದಳು. ಜಾಗ ಕಿಟಕಿಯ ಬಳಿ. ಕಿಟಕಿಯ ಆಚೆಗೇ ಲಾರಿ ಹೋಗುವ ಎರಡನೇ ಗೇಟು.

ಮಧ್ಯಾಹ್ನದ ಹೊತ್ತಿಗೆ ಭಾನುಪ್ರಿಯಳ ಹತ್ತಿರ ಐದು ಜನ ಡ್ರೈವರುಗಳು ಬಂದು ಗೇಟು ತೆಗೆಯಲು ಹೇಳಿದ್ದರು. ಒಬ್ಬ ಮ್ಯಾನೇಜರು ಕಾರಿನ ಕೀಲಿ ಕೊಟ್ಟು ನೆರಳಲ್ಲಿ ನಿಲ್ಲಿಸಲು ಹೇಳಿದ್ದ. ಕೀಲಿಯನ್ನು ಅವಳು ಅವನ ಕೈಗೇ ವಾಪಸು ಇಟ್ಟು, ನೆರಳು ಎಲ್ಲಿದೆಯೆಂದು ತೋರಿಸಿದ್ದಳು. ಊಟಕ್ಕೆ ಹೋದರೆ ಸೆಕ್ಯೂರಿಟಿಯವರ ಸಾಲಿನಲ್ಲಿ ಜಾಗ ಬಿಟ್ಟಿದ್ದರು. ಅಲ್ಲೇ ಕೂತು ಉಂಡಳು. ಮುದ್ದೆ ಅಲ್ಲೇ ಬಿಸಿಯಾಗಿತ್ತು.

ಕೈ ತೊಳೆದು ಬಂದಾಗ ಸಿದ್ದಮ್ಮನ ಫೋನು.

"ಏನವ್ವ, ಗೇಟಲ್ಲಿ ಬುಟ್ರಾ?"

"ಬುಟ್ರು."

"ಬಟ್ಟೆ ನೋಡಿ ಯಾರಾದ್ರೂ ಏನಾದ್ರೂ ಅಂದ್ರಾ? ಅಲ್ಲಿರೋರೆಲ್ಲ ಏನ್ ಹಾಕ್ಕೊಂಡವ್ರೆ?"

ಭಾನುಪ್ರಿಯ ಕಿಟಕಿಯಿಂದ ಗೇಟು ನೋಡಿದಳು, ಬಾಗಿಲಾಚೆ ನೆಲ ಒರೆಸುವವರನ್ನು ನೋಡಿದಳು, ಖಾಲಿ ಲೋಟ ಎತ್ತಿಕೊಂಡು ಹೋಗುವವನನ್ನು ನೋಡಿದಳು.

"ಎಲ್ಲಾರೂ ನನ್ನಂಗೇ ಹಾಕ್ಕೊಂಡವ್ರೆ ಕಣವ್ವ," ಎಂದಳು.

ಆ ಕಡೆ ಸಿದ್ದಮ್ಮ ಫೋನು ಕಿವಿಯಿಂದ ತೆಗೆಯದೆಯೇ ಬೀದಿಗೆ ಕೇಳುವಂತೆ ಕೂಗಿದಳು: "ಕೇಳ್ದ್ಯಾ ಅಂಬುಜಿ? ಆಫೀಸ್ಗೆ ಆಫೀಸೇ ನನ್ ಮಗಳಂಗೆ ಹಾಕ್ಕೊಂಡ್ ಕೂತದಂತೆ!"

ಕಿಟಕಿಯಾಚೆ ಒಂದು ಲಾರಿ ಉದ್ದಕ್ಕೆ ಹಾರ್ನ್ ಹೊಡೆಯಿತು. ಡ್ರೈವರು ತಲೆ ಹೊರಗೆ ಹಾಕಿ ಅವಳನ್ನೇ ನೋಡುತ್ತ, ಗೇಟು ತೆಗೆಯೆಂದು ಕೈ ಮೇಲೆತ್ತಿ ತೋರಿಸುತ್ತಿದ್ದ.

"ಅದೇನವ್ವಾ ಶಬ್ದ?"

"ಆರನೇ ಡ್ರೈವರು ಕಣವ್ವ," ಎಂದು ಭಾನುಪ್ರಿಯ ಜೇಬಿಗೆ ಕೈ ಇಟ್ಟುಕೊಂಡು, ಜಗಳಕ್ಕೆ ಎದ್ದಳು.