ಟಾರ್ಪಾಲಿನ ಕೆಳಗೆ ಬೆಳ್ಳಿಯ ಸಂಸಾರ

"ಇಬ್ಬರೇ ಮಂತ್ರಿಗಳು ಸೇರಿ ಇಡೀ ಕೊಡಗು ರಾಜ್ಯ ನಡೆಸ್ತಿದ್ದಾರೆ ಕಣೇ! ನಾನೊಬ್ಬ ನಾಲ್ಕು ನಾಯಿಮರಿಗಳನ್ನ ಮೂವತ್ತು ಮೈಲಿ ಸಾಗಿಸಲಾರೆನಾ?"

ಕೊಡಗು ಇನ್ನೂ ಬೇರೆಯೇ ರಾಜ್ಯವಾಗಿದ್ದ ಆ ಕಾಲದಲ್ಲಿ ರೈಟರ್ ಕೆಂಪಣ್ಣ ಹೀಗೆ ಘೋಷಿಸಿದ್ದು ಪಾಲಿಬೆಟ್ಟದ ಸಮೀಪದ ಒಂದು ಕಾಫಿ ಎಸ್ಟೇಟಿನ ಕ್ವಾರ್ಟರ್ಸಿನಲ್ಲಿ, ಕಟ್ಟಿಟ್ಟ ಗಂಟುಮೂಟೆಗಳ ನಡುವೆ ನಿಂತು. ಹನ್ನೆರಡು ವರ್ಷ ಆಳುಗಳ ಹಾಜರಿಯ ಚೆಕ್‌ರೋಲ್ ಬರೆದು ಬರೆದು ಬೆರಳು ಜಡ್ಡುಗಟ್ಟಿದ ಮೇಲೆ ಅವನಿಗೆ ಬಡ್ತಿ ಬಂದಿತ್ತು. ಮಾದಾಪುರದ ಆಚೆಯ ಎಸ್ಟೇಟಿಗೆ ಹೆಡ್ ರೈಟರ್! ಕಾಫಿ ಹಣ್ಣಿನ ಪಿಕಿಂಗ್ ಜೋರಾಗಿದೆ, ನಾಳೆ ಬೆಳಗ್ಗೆ ಹತ್ತಕ್ಕೆಲ್ಲ ಹಾಜರಿರಬೇಕು ಎಂದು ಅಲ್ಲಿಂದ ಕಾಗದವೂ ಬಂದಿತ್ತು.

ಬಡ್ತಿಗೆ ಅಡ್ಡ ಬಂದವಳು ಬೆಳ್ಳಿ. ಬಿಳಿ ಮೈಯ, ಒಂದು ಕಿವಿ ಮಾತ್ರ ಕಪ್ಪಾದ ಆ ನಾಯಿ ಒಂಬತ್ತು ದಿನದ ಕೆಳಗೆ ಸೌದೆ ಕೊಟ್ಟಿಗೆಯಲ್ಲಿ ನಾಲ್ಕು ಮರಿ ಹಾಕಿತ್ತು.

"ಒಂದು ವಾರ ತಡೆದು ಹೋಗೋಣ ರೀ," ಎಂದಳು ಹೆಂಡತಿ ಸುಮಿತ್ರಮ್ಮ. "ಇನ್ನೂ ಕಣ್ಣೇ ಬಿಟ್ಟಿಲ್ಲ. ಈ ಚಳೀಲಿ ಲಾರಿ ಮೇಲೆ ಹಾಕ್ಕೊಂಡು ಹೋದ್ರೆ ಉಳಿಯುತ್ವಾ?"

"ಕಂಪನಿಯವರಿಗೆ ಏನಂತ ಬರೀಲಿ? ನಾಯಿ ಬಾಣಂತಿ, ರಜ ಕೊಡಿ ಅಂತಲಾ?"

ಸುಮಿತ್ರಮ್ಮ ನಗಲಿಲ್ಲ. ಹಿಂದಿನ ಮಳೆಗಾಲದಲ್ಲಿ ಬೆಳ್ಳಿ ಹಾಕಿದ್ದ ಐದು ಮರಿಗಳೂ ಥಂಡಿಗೆ ಒಂದೊಂದಾಗಿ ಹೋಗಿದ್ದವು. ಐದನ್ನೂ ಅವಳೇ ಹಿತ್ತಿಲಲ್ಲಿ ಮಣ್ಣು ಮಾಡಿದ್ದಳು. ಆಗ ಕೆಂಪಣ್ಣ ಸಮಾಧಾನದ ಮಾತೆಂದುಕೊಂಡು "ನಾಯಿ ತಾನೆ, ಮತ್ತೆ ಹಾಕುತ್ತೆ ಬಿಡು" ಅಂದುಬಿಟ್ಟಿದ್ದ. ಅದಾದ ಮೇಲೆ ಒಂದು ವಾರ ಅವನಿಗೆ ಊಟ ಸಿಕ್ಕಿತ್ತು, ಮಾತು ಸಿಕ್ಕಿರಲಿಲ್ಲ. ಹಾಗಾಗಿ ಈ ಸಲದ ಅವನ ಪ್ರತಿಜ್ಞೆಯಲ್ಲಿ ಜಂಬ ಎಷ್ಟಿತ್ತೋ ಪ್ರಾಯಶ್ಚಿತ್ತವೂ ಅಷ್ಟೇ ಇತ್ತು. ಆದರೆ ಪ್ರಾಯಶ್ಚಿತ್ತವನ್ನು ಯಾರೂ ಗಟ್ಟಿಯಾಗಿ ಕೂಗಿ ಹೇಳುವುದಿಲ್ಲವಲ್ಲ. ಜಂಬವೊಂದೇ ಹೊರಗೆ ಕೇಳಿಸಿತು.

"ನೋಡ್ತಿರು," ಎಂದ. "ಲಾರಿ ಹಿಂದೆ ಅರಮನೆ ಕಟ್ಟಿಸ್ತೀನಿ. ನಾವಿಬ್ಬರೂ ನಡುಗಬಹುದು, ನಿನ್ನ ಬೆಳ್ಳಿ ನಡುಗಲ್ಲ!"

ಅರಮನೆಯ ನಕ್ಷೆಯನ್ನು ಅವನು ಹಳೆಯ ಚೆಕ್‌ರೋಲ್ ಹಾಳೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದ. ತಳದಲ್ಲಿ ಬಿಸಿ ಇಟ್ಟಿಗೆ. ಅದರ ಮೇಲೆ ಗೋಣಿಚೀಲ. ಅದರ ಮೇಲೆ ಟೀ ಎಲೆ ಬರುವ ಮರದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಒಣಹುಲ್ಲು, ಹುಲ್ಲಿನ ಮೇಲೆ ಕಂಬಳಿ. ಎಲ್ಲದರ ಮೇಲೆ ಲಾರಿಯ ಟಾರ್ಪಾಲು, ಸೊಳ್ಳೆ ನುಸುಳಲೂ ಸಂದಿಲ್ಲದಂತೆ ಬಿಗಿದು.

ಬೆಳಗ್ಗೆ ಐದಕ್ಕೇ ಎದ್ದು ಬಚ್ಚಲ ಒಲೆಗೆ ಇಟ್ಟಿಗೆ ಸೇರಿಸಿದ.

"ಎರಡು ಸಾಕು ರೀ."

"ಮೂವತ್ತು ಮೈಲಿ ಕಣೇ. ಎರಡು ಇಟ್ಟಿಗೆ ಸಿದ್ದಾಪುರಕ್ಕೇ ತಣ್ಣಗಾಗ್ತವೆ. ಆರು!"

ಆರರ ಹೊತ್ತಿಗೆ ಮೊಯ್ದು ಲಾರಿ ತಂದ. ಕಾಫಿ ಮೂಟೆಯನ್ನೂ ಆಳುಗಳನ್ನೂ ಒಂದೇ ನಿಷ್ಠೆಯಿಂದ ಸಾಗಿಸುತ್ತಿದ್ದ, ಮಾತು ಕಡಿಮೆಯ ಡ್ರೈವರ್. ಹೊಗೆಯಾಡುವ ಇಟ್ಟಿಗೆಗಳನ್ನು ಇಕ್ಕುಳದಲ್ಲಿ ಹಿಡಿದು ಲಾರಿಗೆ ಏರಿಸುತ್ತಿದ್ದ ಕೆಂಪಣ್ಣನನ್ನು ಅವನು ಸ್ವಲ್ಪ ಹೊತ್ತು ನೋಡಿದ.

"ಇದೆಂತ ರೈಟ್ರೇ, ಇಟ್ಟಿಗೆ ಗೂಡು ಸುಡ್ಲಿಕ್ಕೆ ಹೊರಟದ್ದಾ?"

"ಮರಿಗಳಿಗೆ ಶಾಖ ಮೊಯ್ದು. ಸೈನ್ಸು!"

"ರೈಟರು ಹೇಳಿದ ಮೇಲೆ ರೈಟೇ," ಎಂದ ಮೊಯ್ದು.

ಸುಮಿತ್ರಮ್ಮ ಮರಿಗಳನ್ನು ಸೆರಗಿನಲ್ಲಿ ತಂದು ಪೆಟ್ಟಿಗೆಗಿಳಿಸಿದಳು. ಬೆಳ್ಳಿ ಹಿಂದೆಯೇ ಹತ್ತಿ, ಅರಮನೆಯನ್ನು ಮೂಸಿ, ಒಡೆಯನ ಮುಖವನ್ನೊಮ್ಮೆ ನೋಡಿ ಒಳಗೆ ಮಲಗಿತು. ಕೆಂಪಣ್ಣ ಟಾರ್ಪಾಲಿನ ಹಗ್ಗಕ್ಕೆ ಒಂಬತ್ತು ಗಂಟು ಹಾಕಿದ. ಪ್ರತಿ ಗಂಟಿಗೂ "ಗಾಳಿ ಬರ್ಲಿ ನೋಡೋಣ!" ಎಂದ. ಹೊಸ ಉಣ್ಣೆಯ ಕೋಟು ತೊಟ್ಟು, ರುಮಾಲು ಸುತ್ತಿ, ಹೆಂಡತಿಯೊಂದಿಗೆ ಮುಂದೆ ಮೊಯ್ದುವಿನ ಪಕ್ಕ ಕೂತ. ಲಾರಿ ಮಂಜಿನೊಳಗೆ ಇಳಿಯಿತು.

ಸಿದ್ದಾಪುರ ದಾಟಿ ಎರಡು ಮೈಲಿ ಹೋಗಿರಬೇಕು. ಕೆಂಪಣ್ಣ ಹೊಸ ಎಸ್ಟೇಟಿನಲ್ಲಿ ತಾನು ತರಲಿರುವ ಸುಧಾರಣೆಗಳನ್ನು ವಿವರಿಸುತ್ತಿದ್ದ. ಮೊಯ್ದು ಕನ್ನಡಿಯಲ್ಲಿ ಏನನ್ನೋ ನೋಡಿ ಕೇಳಿದ: "ರೈಟ್ರೇ, ಹಿಂದೆ ಅಡಿಗೆ ಎಂತಾದ್ರೂ ಆಗ್ತಾ ಉಂಟಾ?"

"ಏನು?"

"ಅಲ್ಲ, ಮಂಜು ಬಿಳಿ ಇರ್ತದೆ. ನಮ್ಮ ಹಿಂದೆ ಬರ್ತಾ ಇರೋದು ಕಪ್ಪುಂಟು."

ಮರಿಗಳು ಬೆಚ್ಚಗಿರಲಿ ಎಂದು ಹೊರಟವನು ತಾನೇ ಬೆಚ್ಚಿಬಿದ್ದ!

ಲಾರಿ ನಿಲ್ಲುವ ಮೊದಲೇ ಸುಮಿತ್ರಮ್ಮ ಬಾಗಿಲು ತೆರೆದಿದ್ದಳು. ಟಾರ್ಪಾಲಿನ ಅಂಚಿನಿಂದ ಹೊಗೆ ಎಳೆಯೆಳೆಯಾಗಿ ಬರುತ್ತಿತ್ತು. ಕೆಂಪಣ್ಣ ಗಂಟಿಗೆ ಕೈ ಹಾಕಿದ. ಒಂಬತ್ತರಲ್ಲಿ ಒಂದೂ ಬಿಚ್ಚಲಿಲ್ಲ. ಗಾಳಿಗೆ ಹಾಕಿದ ಸವಾಲನ್ನು ಗಂಟುಗಳು ಅವನಿಗೇ ಹಾಕುತ್ತಿದ್ದವು!

"ಬಿಚ್ರೀ! ಬೇಗ ಬಿಚ್ರೀ!"

"ಬಿಗಿಯಾಗಿದೆ ಕಣೇ!"

"ಕಟ್ಟಿದವರು ಯಾರು?"

ಮೊಯ್ದು ಕತ್ತಿ ತಂದು ಹಗ್ಗ ಕತ್ತರಿಸಿದ. ಹೊಗೆ ದಬ್ಬನೆ ಮುಖಕ್ಕೆ ಹೊಡೆಯಿತು. ಇಟ್ಟಿಗೆಯ ಮೇಲಿನ ಗೋಣಿಚೀಲ ಒಳಗೊಳಗೇ ಕೆಂಡವಾಗಿ, ಪೆಟ್ಟಿಗೆಯ ತಳ ಕರಿಯಾಗುತ್ತಿತ್ತು. ಕೆಂಪಣ್ಣ ಇಂಜಿನ್ನಿಗೆ ಹಾಕುವ ನೀರಿನ ಡಬ್ಬ ಕಸಿದು ಎರಚಿದ. ಸಾಲಲಿಲ್ಲ. ರಸ್ತೆಬದಿಯ ತೋಡಿಗೆ ಓಡಿ ಇನ್ನೊಂದು ಡಬ್ಬ ತಂದು, ಹೊಗೆಯಲ್ಲಿ ಕಣ್ಣು ಮುಚ್ಚಿಕೊಂಡೇ, ದಂಡಯಾತ್ರೆಗೆ ಹೊರಟವನಂತೆ ಕೂಗುತ್ತಾ ಬೀಸಿ ಎರಚಿದ.

ಹೊಗೆ ತಿಳಿಯಾದ ಮೇಲೆ ನೋಡಿದರೆ ಪೆಟ್ಟಿಗೆ ಖಾಲಿ.

ಬೆಳ್ಳಿಗೆ ನಕ್ಷೆ ಓದಲು ಬಾರದು. ಕಾವು ಹೆಚ್ಚಾಗುತ್ತಿದ್ದಂತೆ ಅದು ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಹೋಗಿ, ದೂರದ ಮೂಲೆಯಲ್ಲಿ ರುಬ್ಬುವ ಕಲ್ಲಿನ ಮರೆಗೆ ಸೇರಿಸಿ, ಅವುಗಳ ಮೇಲೆ ತಾನು ಮಲಗಿತ್ತು. ಬೆಂಕಿಯಿಂದ ಎಲ್ಲವನ್ನೂ ಉಳಿಸಿತ್ತು. ಒಡೆಯನಿಂದ ಉಳಿಸಲಾಗಲಿಲ್ಲ. ತೋಡಿನ ನೀರಷ್ಟೂ ನೇರ ಹೋಗಿ ಬಿದ್ದದ್ದು ಆ ಮೂಲೆಗೆ!

ನಾಲ್ಕು ಮರಿಗಳೂ ತೊಯ್ದು ಹೆಬ್ಬೆರಳಿನಷ್ಟಾಗಿದ್ದವು. ಮೂರು ಕುಂಯ್‌ಗುಡುತ್ತಿದ್ದವು. ಎಲ್ಲಕ್ಕಿಂತ ಸಣ್ಣದು ಸುಮ್ಮನಿತ್ತು.

"ಕೋಟು ಕೊಡಿ," ಎಂದಳು ಸುಮಿತ್ರಮ್ಮ.

"ಕೋಟು... ಅಲ್ಲಿ ಎಸ್ಟೇಟ್ ದೊರೆ ಮುಂದೆ ನಿಲ್ಲಬೇಕಲ್ಲೇ..."

ಅವಳು ತಲೆಯೆತ್ತಿ ನೋಡಿದಳು. ಬೈಯಲಿಲ್ಲ, ಅಳಲೂ ಇಲ್ಲ. ಐದು ಮರಿ ಮಣ್ಣು ಮಾಡಿ ಬಂದ ದಿನ ಕೈ ತೊಳೆಯುತ್ತಾ ನೋಡಿದ್ದ ಅದೇ ನೋಟ. ಕೆಂಪಣ್ಣ ಕೋಟು ಬಿಚ್ಚಿಕೊಟ್ಟ. ಕೇಳುವ ಮೊದಲೇ ರುಮಾಲನ್ನೂ ಬಿಚ್ಚಿಕೊಟ್ಟ. ಅವಳು ಸಣ್ಣ ಮರಿಯನ್ನು ರುಮಾಲಿನಲ್ಲಿ ಉಜ್ಜತೊಡಗಿದಳು.

"ಮುಂದೆ ತನ್ನಿ ಅಮ್ಮ," ಎಂದ ಮೊಯ್ದು. "ಇಂಜಿನ್ ಶಾಖ ಅಲ್ಲಿ ಕಾಲ ಬುಡಕ್ಕೇ ಬರ್ತದೆ. ನಾನು ಚಳಿಗಾಲ ಇಡೀ ಕಳೆಯುವುದು ಅದರಲ್ಲೇ ಅಲ್ವಾ."

"ಮೊದಲೇ ಹೇಳೋದಲ್ವಾ ಮಾರಾಯ!" ಕೆಂಪಣ್ಣ ಚೀರಿದ.

"ನೀವು ಸೈನ್ಸ್ ಅಂದ್ರಲ್ಲ. ನಂಗೆ ಅದು ಗೊತ್ತಿಲ್ಲ."

ಹನ್ನೆರಡು ವರ್ಷ ಅದೇ ಜಾಗದಲ್ಲಿ ಕಾಲು ಚಾಚಿ ಕೂತವನು ಕೆಂಪಣ್ಣ. ಕಾಲು ಬೆಚ್ಚಗಿರುತ್ತಿತ್ತು. ಬೆಚ್ಚಗೆ ಯಾಕಿದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಮುಂದೆ ಸುಮಿತ್ರಮ್ಮ ಕೂತಳು. ಅವಳ ಕಾಲ ಬಳಿ, ಕೋಟು ಹಾಸಿದ ಪೆಟ್ಟಿಗೆ. ಪಕ್ಕದ ಸೀಟಿನ ಮೇಲೆ, ಪೆಟ್ಟಿಗೆಯತ್ತ ಮೂತಿ ಚಾಚಿ, ಬೆಳ್ಳಿ.

"ನಾನೆಲ್ಲಿ ಕೂರ್ಲಿ?"

"ಹಿಂದೆ," ಎಂದಳು ಸುಮಿತ್ರಮ್ಮ. "ಅರಮನೇಲಿ."

ಹೀಗೆ ಹೆಡ್ ರೈಟರ್ ಕೆಂಪಣ್ಣ ಜೀವನದಲ್ಲಿ ಮೊದಲ ಬಾರಿಗೆ ಲಾರಿಯ ಹಿಂದೆ ಕೂತು ಪ್ರಯಾಣ ಹೊರಟ. ಕಟ್ಟಲು ಹಗ್ಗವಿಲ್ಲದ ಟಾರ್ಪಾಲು ಪಟಪಟ ಬಡಿಯುತ್ತಿತ್ತು. ಅಂಗಿ, ಪಂಚೆ, ತೂತು ಬಿದ್ದ ಕಂಬಳಿ, ಇಷ್ಟೇ ಅವನ ಮೈಮೇಲೆ. ಮೊದಲ ಮೈಲಿಯಲ್ಲಿ ಮೊಯ್ದುವನ್ನು ಬೈದ. ಎರಡನೆಯದರಲ್ಲಿ ಇಟ್ಟಿಗೆಯನ್ನು ಬೈದ. ಮೂರನೆಯದರಲ್ಲಿ ಬೈಯಲು ಹೋದರೆ ಹಲ್ಲು ಕಟಕಟ ಎನ್ನತೊಡಗಿ ಮಾತೇ ಹೊರಡಲಿಲ್ಲ. ಕೊನೆಗೆ, ಒದ್ದೆಯಾಗದೆ ಉಳಿದ ಒಂದು ಗೋಣಿಚೀಲ ಕೈಗೆ ಸಿಕ್ಕಿತು. ಕಂಬಳಿಯ ಮೇಲೆ ಅದನ್ನೂ ಹೊದ್ದುಕೊಂಡ.

ಹೊದ್ದುಕೊಂಡವನಿಗೆ ದೊಡ್ಡಿ ಎಂಬ ಆಳು ನೆನಪಾದಳು.

ಪಿಕಿಂಗಿಗೆ ಪ್ರತಿ ವರ್ಷ ಮೈಸೂರು ಸೀಮೆಯಿಂದ ಆಳುಗಳನ್ನು ತರುವಾಗ ಅವನು ಮುಂದೆ ಕೂರುತ್ತಿದ್ದ. ಹಿಂದೆ ಇದೇ ಟಾರ್ಪಾಲಿನ ಕೆಳಗೆ ನಲವತ್ತು ಜನ. ಹಿಂದಿನ ವರ್ಷ ಹೊರಡುವಾಗ ಬಾಣಂತಿ ದೊಡ್ಡಿ ಲಾರಿಯ ಪಕ್ಕ ನಿಂತು ಕೇಳಿದ್ದಳು: "ಬುದ್ಧಿ, ಒಂದು ಚೀಲ ಇದ್ರೆ ಕೊಡಿ, ಕೂಸಿಗೆ ಹೊದಿಸ್ತೀನಿ." ಚೀಲಗಳಿದ್ದವು, ಕಟ್ಟುಗಟ್ಟಲೆ ಇದ್ದವು. "ಚೀಲ ಕಾಫಿಗೆ. ಹತ್ತು ಹತ್ತು, ಹೊತ್ತಾಯ್ತು," ಎಂದಿದ್ದ ಕೆಂಪಣ್ಣ. ಎಸ್ಟೇಟಿನಲ್ಲಿ ಇಳಿದಾಗ ಅವರೆಲ್ಲ ಕೈಕಾಲು ಸೆಟೆದು ನಿಧಾನ ಇಳಿದದ್ದಕ್ಕೆ ಬೈದೂ ಇದ್ದ. ಚೆಕ್‌ರೋಲಿನಲ್ಲಿ ದೊಡ್ಡಿ ಎಂದು ಬರೆದುಕೊಂಡ. ಕೂಸಿನ ಹೆಸರು ಬರೆಯಲಿಲ್ಲ, ಕೂಸುಗಳಿಗೆ ಅದರಲ್ಲಿ ಜಾಗವಿಲ್ಲ. ಆ ವರ್ಷ ಪಿಕಿಂಗ್ ಮುಗಿಸಿ ಹೊರಡುವಾಗ ದೊಡ್ಡಿಯ ಕಂಕುಳಲ್ಲಿ ಕೂಸು ಇತ್ತೇ? ಇತ್ತು ಅಂದುಕೊಳ್ಳಲು ಅವನು ಬಹಳ ಪ್ರಯತ್ನಪಟ್ಟ. ಅವನು ನೋಡಿರಲೇ ಇಲ್ಲ. ಅಷ್ಟೇ ನಿಜ.

ಮುಂದಿನ ಹಲಗೆಯನ್ನು ಗುದ್ದಿದ. "ಸುಮಿತ್ರಾ! ಸಣ್ಣದು ಹೇಗಿದೆ?"

ಇಂಜಿನ್ನಿನ ಸದ್ದಿನಲ್ಲಿ ಉತ್ತರ ಕೇಳಿಸಲಿಲ್ಲ. ಮತ್ತೆ ಗುದ್ದಿದ. ಮತ್ತೂ ಕೇಳಿಸಲಿಲ್ಲ. ಚಳಿಗಿಂತ ಅದು ಹೆಚ್ಚು ಕೊರೆಯಿತು.

ಸುಂಟಿಕೊಪ್ಪದಲ್ಲಿ ಲಾರಿ ನಿಂತಿದ್ದೇ ತಡ, ಮರಗಟ್ಟಿದ ಕಾಲಿನಲ್ಲೇ ಧುಮುಕಿ ಮುಂದಕ್ಕೆ ಓಡಿದ. ಬಾಗಿಲು ತೆರೆದ. ಸುಮಿತ್ರಮ್ಮ ತುಟಿಯ ಮೇಲೆ ಬೆರಳಿಟ್ಟಳು. ಬೆಳ್ಳಿ ಹೇಗೋ ಸೀಟಿನಿಂದ ಇಳಿದು ಪೆಟ್ಟಿಗೆಯೊಳಗೆ ಮಡಚಿಕೊಂಡಿತ್ತು. ಅದರ ಹೊಟ್ಟೆಗೆ ಒತ್ತಿಕೊಂಡು ಸಾಲಾಗಿ ಮೂರು ಮರಿ. ನಾಲ್ಕನೆಯದು ಎಲ್ಲಿ ಎಂದು ಕೆಂಪಣ್ಣ ಪೆಟ್ಟಿಗೆಯತ್ತ ಬಗ್ಗಿದ. ಸುಮಿತ್ರಮ್ಮ ಬೆಳ್ಳಿಯ ಕಾಲನ್ನು ಮೆಲ್ಲಗೆ ಸರಿಸಿದಳು. ಸಣ್ಣದು ಅಲ್ಲಿತ್ತು. ಕೋಟಿನ ಗುಂಡಿಯನ್ನು ಮೊಲೆಯೆಂದು ತಿಳಿದು ಚೀಪುತ್ತಿತ್ತು.

"ಈಗಷ್ಟೇ ಬಾಯಾಡಿಸ್ತು," ಎಂದಳು ಪಿಸುದನಿಯಲ್ಲಿ. ಅವಳ ಕಣ್ಣು ತುಂಬಿತ್ತು. "ಬನ್ನಿ, ಸ್ವಲ್ಪ ಒತ್ತಿ ಕೂತ್ರೆ ಆಗುತ್ತೆ."

ಕೆಂಪಣ್ಣ ಜಾಗ ನೋಡಿದ. ಒತ್ತಿದರೆ ಪೆಟ್ಟಿಗೆ ಸರಿಸಬೇಕು. ತೆರೆದ ಬಾಗಿಲಿನಿಂದ ಗಾಳಿ ಒಳಗೆ ನುಗ್ಗುತ್ತಿತ್ತು.

"ಬೇಡ. ಇನ್ನೆಷ್ಟು, ಆರು ಮೈಲಿ," ಎಂದು ಮಗುವಿನ ಕೋಣೆಯ ಬಾಗಿಲು ಮುಚ್ಚುವಂತೆ ಸದ್ದಿಲ್ಲದೆ ಮುಚ್ಚಿದ. ಮತ್ತೆ ಹಿಂದೆ ಹೋಗಿ ಹತ್ತಿದ.

ಹೊಸ ಎಸ್ಟೇಟಿನ ಕಾಫಿ ಕಣದಲ್ಲಿ ಹೆಂಗಸರು ಹಣ್ಣು ಹರವುತ್ತಿದ್ದರು. ಕಣದ ಅಂಚಿನಲ್ಲಿ ಹುಚ್ಚಮ್ಮ ಎಂಬ ಮುದುಕಿ ಮೂರು ಕಲ್ಲು ಹೂಡಿ ಬೆಲ್ಲದ ಕಾಫಿ ಕಾಯಿಸುತ್ತಿದ್ದಳು. ಲಾರಿ ಬಂದು ನಿಂತಿತು. ಹೊಸ ಹೆಡ್ ರೈಟರು ಇಳಿಯುತ್ತಾರೆಂದು ಎಲ್ಲರೂ ಸೆರಗು ಸರಿಮಾಡಿಕೊಂಡು ಮುಂದಿನ ಬಾಗಿಲನ್ನೇ ನೋಡಿದರು. ಬಾಗಿಲು ತೆರೆಯಿತು. ಮೊದಲು ಇಳಿದದ್ದು ಒಂದು ಬಿಳಿ ನಾಯಿ.

ಅಷ್ಟರಲ್ಲಿ ಹಿಂದಿನಿಂದ, ಗೋಣಿ ಹೊದ್ದ, ಮುಖವೆಲ್ಲ ಮಸಿಯಾದ, ಬರಿತಲೆಯ ಆಕೃತಿಯೊಂದು ನೆಲಕ್ಕೆ ಜಾರಿತು. ಹುಚ್ಚಮ್ಮ ಮಾತ್ರ ಅದನ್ನು ನೋಡಿದಳು.

"ಅಯ್ಯೋ ಮಗಾ, ಹಿಂಗ್ ನಡುಗ್ತಾ ಇದ್ದೀಯಲ್ಲೋ! ಹೊಸ ಆಳಾ? ಬಾ, ಬೆಂಕಿ ತಾವ ಕೂತ್ಕೋ."

ಕೆಂಪಣ್ಣ ತಾನು ಯಾರೆಂದು ಹೇಳಲು ಬಾಯಿ ತೆರೆದ. ಕಟಕಟಿಸುವ ಹಲ್ಲು ಹೇಳಲು ಬಿಡಲಿಲ್ಲ. ಕೂತ. ಮುದುಕಿ ತಗಡಿನ ಲೋಟದ ತುಂಬ ಕಾಫಿ ಬಗ್ಗಿಸಿ ಅವನ ಎರಡೂ ಕೈಗಳನ್ನು ಲೋಟಕ್ಕೆ ಒತ್ತಿ ಹಿಡಿಸಿದಳು.

"ಕುಡಿ. ಆ ರೈಟ್ರು ಮುಂದ್ಗಡೆ ಬೆಚ್ಚಗೆ ಕೂತು ಬಂದಿರ್ಬೇಕು, ಅಲ್ವಾ? ಅವ್ರಿಗೇನ್ ಗೊತ್ತಾಯ್ತದೆ ಹಿಂದಿನವ್ರ ಪಾಡು." ಆಮೇಲೆ ದನಿ ತಗ್ಗಿಸಿ ಕೇಳಿದಳು: "ಹೆಂಗವ್ರೆ ಮಗಾ, ಈ ಹೊಸ ರೈಟ್ರು? ಒಳ್ಳೇವ್ರಾ?"

ಕೆಂಪಣ್ಣ ಲೋಟದೊಳಕ್ಕೆ ಮುಖ ಬಗ್ಗಿಸಿದ. ಪೆಟ್ಟಿಗೆಯನ್ನು ಸೊಂಟಕ್ಕಿಟ್ಟುಕೊಂಡು ಬಂದ ಸುಮಿತ್ರಮ್ಮ ಹಿಂದೆಯೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಗಂಡನ ಮಸಿ ಮುಖವನ್ನೊಮ್ಮೆ, ಗೋಣಿಯನ್ನೊಮ್ಮೆ ನೋಡಿ, ಮುದುಕಿಗೆ ಅವಳೇ ಉತ್ತರ ಕೊಟ್ಟಳು:

"ನೆನ್ನೆವರೆಗೂ ಹೇಳೋ ಹಾಗಿರಲಿಲ್ಲ ಅಜ್ಜಿ. ಇವತ್ತು ಸಿದ್ದಾಪುರ ದಾಟಿದ ಮೇಲೆ ಪರವಾಗಿಲ್ಲ!"