ಒಂದು ಚಮಚ ಹೆಪ್ಪಿನ ವಾಪಸಾತಿಯ ಕುರಿತು

ಜರ್ಮನಿಯ ಘನ ವಿಶ್ವವಿದ್ಯಾಲಯವೊಂದರ ಸಮಸ್ತ ಸಂಶೋಧನೆಗಳ ಮೇಲ್ವಿಚಾರಕರಾದ ಮಾನ್ಯರೇ,

ಸಿಡ್ನಿಯ ಗಿರಾವೀನ್ ಎಂಬ ಸಬರ್ಬ್‌ನಿಂದ ಚನ್ನಬಸಯ್ಯ ಮಾಡುವ ಶರಣು ಶರಣಾರ್ಥಿಗಳು. ತಾವೂ, ತಮ್ಮ ನಲವತ್ತೊಂದು ವಿಭಾಗಗಳೂ, ಆ ವಿಭಾಗಗಳ ಫ್ರೀಜರುಗಳೂ ಕ್ಷೇಮವಾಗಿವೆ ಎಂದು ಭಾವಿಸಿದ್ದೇನೆ. ಫ್ರೀಜರುಗಳ ಕ್ಷೇಮವನ್ನು ಪ್ರತ್ಯೇಕವಾಗಿ ಏಕೆ ವಿಚಾರಿಸಿದೆನೆಂಬುದು ಮುಂದೆ ತಿಳಿಯುತ್ತದೆ. ಹಿಂದಿನ ಐದು ಪತ್ರಗಳನ್ನು ಮಗಳ ಕೈಯಿಂದ ಇಂಗ್ಲಿಷಿನಲ್ಲಿ ಬರೆಸಿ ಕಳಿಸಿದ್ದೆ. ತಮ್ಮಲ್ಲಿ ಭಾರತದ ಭಾಷೆಗಳನ್ನು ಬಲ್ಲ ಪಂಡಿತರೂ ಇದ್ದಾರೆಂದು ತಿಳಿದುಬಂದದ್ದರಿಂದ ಈ ಆರನೆಯದನ್ನು ಕನ್ನಡದಲ್ಲಿಯೇ, ನಮ್ಮ ಕನ್ನಡ ಸಂಘದ ಪತ್ರಿಕೆಯ ಮೂಲಕ, ಎಲ್ಲರೆದುರು ಬರೆಯುತ್ತಿದ್ದೇನೆ. ಆ ಪಂಡಿತರಿಗೂ ಒಂದು ಕೆಲಸವಾಗಲಿ.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿ, ಹುಬ್ಬಳ್ಳಿ–ಧಾರವಾಡದ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದು, ಹನ್ನೆರಡು ವರ್ಷದ ಹಿಂದೆ ಹೆಂಡತಿ ರುದ್ರವ್ವನೊಂದಿಗೆ ಇಲ್ಲಿಗೆ, ವೆಸ್ಟ್‌ಮೀಡ್‌ನಲ್ಲಿ ದೊಡ್ಡ ಆಸ್ಪತ್ರೆಯ ನರ್ಸ್ ಆಗಿರುವ ಮಗಳು ಮಹಾಶ್ವೇತಾಳ ಮನೆಗೆ ಬಂದವನು. ನಮ್ಮ ಜೊತೆ ಇನ್ನೊಂದು ಜೀವವೂ ಬಂದಿತ್ತು. ರುದ್ರವ್ವ ಧಾರವಾಡದ ಮನೆಯ ಮೊಸರಿನಲ್ಲಿ ಒಂದು ಬಿಳಿ ಬಟ್ಟೆಯ ತುಂಡನ್ನು ಅದ್ದಿ, ನೆರಳಿನಲ್ಲಿ ಒಣಗಿಸಿ, ನನಗೂ ಹೇಳದೆ ನನ್ನ ಧೋತರದ ಮಡಿಕೆಯಲ್ಲಿ ಇಟ್ಟುಕೊಂಡು ಬಂದಿದ್ದಳು. ಇದು ಈ ದೇಶದ ಕಾನೂನಿಗೆ ವಿರುದ್ಧವೆಂದು ನನಗೆ ಆಮೇಲೆ ಗೊತ್ತಾಯಿತು. ವಿಮಾನ ನಿಲ್ದಾಣದ ಅಧಿಕಾರಿಗಳು ಇದನ್ನು ಓದುತ್ತಿದ್ದರೆ ಕ್ಷಮಿಸಬೇಕು. ತಪ್ಪಿತಸ್ಥಳು ಈಗ ಅವರ ಕೈಗೂ ಸಿಗುವುದಿಲ್ಲ, ನನ್ನ ಕೈಗೂ ಸಿಗುವುದಿಲ್ಲ.

ಆ ಬಟ್ಟೆಯನ್ನು ಉಗುರುಬೆಚ್ಚಗಿನ ಹಾಲಿನಲ್ಲಿ ಹಾಕಿದ ಮರುದಿನದಿಂದ ನಮ್ಮ ಮನೆಯಲ್ಲಿ ಹೆಪ್ಪು ತಪ್ಪಲಿಲ್ಲ. ಇವತ್ತಿನ ಮೊಸರಿನಿಂದ ಒಂದು ಚಮಚ ತೆಗೆದಿಟ್ಟು ನಾಳಿನ ಹಾಲಿಗೆ ಹಾಕುವುದು, ಅಷ್ಟೇ ಅದರ ವಿಜ್ಞಾನ. ಕಂಡಕ್ಟರ್ ಕೆಲಸದ ಚಟದಿಂದ ನಾನು ದಿನಚರಿ ಬರೆಯುತ್ತೇನೆ. ಬಸ್ಸು ಇಲ್ಲವಾದ್ದರಿಂದ ಟ್ರಿಪ್ಪಿನ ಕಾಲಮಿನಲ್ಲಿ ಆ ದಿನದ ಮೊಸರು ಹೇಗಿತ್ತೆಂದು ಬರೆಯತೊಡಗಿದೆ: ಗಟ್ಟಿ, ಹುಳಿ, ಚೆನ್ನಾಗಿದೆ, ಸಾಧಾರಣ. ‘ಸಾಧಾರಣ’ ಎಂದು ಬರೆದದ್ದನ್ನು ಆಕೆ ಒಮ್ಮೆ ನೋಡಿ ಎರಡು ದಿನ ಮಾತು ಬಿಟ್ಟಿದ್ದಳು.

ತಮ್ಮ ವಿಶ್ವವಿದ್ಯಾಲಯದ ಡಾಕ್ಟರ್ ಹನ್ನೆಲೋರ ಎಂಬ ಹೆಣ್ಣುಮಗಳು ಮೂರು ವರ್ಷದ ಹಿಂದೆ ವೆಸ್ಟ್‌ಮೀಡ್‌ಗೆ ಸೂಕ್ಷ್ಮಜೀವಿಗಳ ಅಧ್ಯಯನಕ್ಕೆ ಬಂದು, ಸ್ಟೇಷನ್ ಹತ್ತಿರದ ಫ್ಲ್ಯಾಟಿನಲ್ಲಿದ್ದು, ಮಗಳ ಪರಿಚಯದಿಂದ ಭಾನುವಾರಗಳಲ್ಲಿ ನಮ್ಮಲ್ಲಿ ರೊಟ್ಟಿ ಉಣ್ಣುತ್ತಿದ್ದಳು. ಊರಿಗೆ ಹೊರಡುವಾಗ ಹೆಪ್ಪು ಕೇಳಿದಳು. ಏಳು ಪುಟದ ಒಪ್ಪಿಗೆ ಪತ್ರವನ್ನೂ ತಂದಿದ್ದಳು. ರುದ್ರವ್ವ ಅದಕ್ಕೆ ಎಲ್ಲೆಂದರಲ್ಲಿ ಸಹಿ ಹಾಕಿ, ಚಿಕ್ಕ ಸ್ಟೀಲ್ ಡಬ್ಬಿಯನ್ನು ಆಕೆಯ ಕೈಗಿಟ್ಟು, ತನ್ನ ಒಪ್ಪಂದವನ್ನು ಬಾಯಿಂದ ಹೇಳಿದಳು: “ಕತ್ತಲಾಗೂದ್ರೊಳಗ ಒಯ್ಯವ್ವಾ, ದೀಪಾ ಹಚ್ಚಿದ ಮ್ಯಾಲ ಹೆಪ್ಪು ಹೊರಗ ಕೊಡಂಗಿಲ್ಲ. ನಿಮ್ಮ ಮನ್ಯಾಗ ಕೆಟ್ರ ನಮ್ಮ ಮನಿಗೆ ಬಾ. ನಮ್ಮ ಮನ್ಯಾಗ ಕೆಟ್ರ ನಾ ನಿಮ್ಮ ಮನಿಗೆ ಬರ್ತೇನಿ.” ಮಹಾಶ್ವೇತಾ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಹನ್ನೆಲೋರ ನಕ್ಕು, ಎರಡೂ ಕೈಯಿಂದ ಡಬ್ಬಿ ಹಿಡಿದು, ಆಗಲಿ ಎಂದಳು. ಈ ‘ಆಗಲಿ’ಯೇ ನನ್ನ ಈ ಪತ್ರದ ಆಧಾರ.

ಕಳೆದ ಜೂನ್‌ನಲ್ಲಿ ರುದ್ರವ್ವ ಹದಿನೇಳು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡಳು. ಅಷ್ಟೂ ದಿನ ನಾನೂ ಮಗಳೂ ಅಲ್ಲಿಯೇ ಇದ್ದೆವು. ಹಾಲಿಗೆ ಹೆಪ್ಪು ಹಾಕುವುದು ಯಾರಿಗೂ ನೆನಪಾಗಲಿಲ್ಲ. ಮನೆಗೆ ಬಂದ ಮೇಲೆ ಫ್ರಿಜ್ಜಿನಲ್ಲಿ ವಾಸನೆ ಬರುತ್ತಿದ್ದ ಪಾತ್ರೆ ಕಂಡು, ಅದರಲ್ಲಿ ಏನಿದೆ ಎಂಬುದನ್ನು ಯೋಚಿಸದೆ, ನಾನೇ ಕುದಿಯುವ ನೀರು ಹಾಕಿ ತಿಕ್ಕಿ ತೊಳೆದೆ. ಬೋರಲು ಹಾಕಿದ ಮೇಲೆ ಅದು ಹೆಪ್ಪಿನ ಪಾತ್ರೆಯೆಂದು ಗೊತ್ತಾಯಿತು. ಆಕೆ ಹೆಪ್ಪು ಕೊಟ್ಟಿದ್ದ ಮನೆಗಳಿಗೆ ಬಟ್ಟಲು ಹಿಡಿದು ಹೋದೆ. ಒಬ್ಬರು ಅಂಗಡಿಯ ಮೊಸರಿಗೆ ಬದಲಾಗಿದ್ದರು, ಇನ್ನೊಬ್ಬರು ಹಾಲನ್ನೇ ಬಿಟ್ಟು ಬಾದಾಮಿಯ ನೀರು ಕುಡಿಯುತ್ತಿದ್ದರು, ಮತ್ತೊಬ್ಬರು “ಸಾರಿ ಅಂಕಲ್, ಹಾಲಿಡೇಗೆ ಹೋದಾಗ ಡ್ರೈ ಆಗ್ಬಿಡ್ತು” ಎಂದರು. ಹೆಪ್ಪು ಒಯ್ದಿದ್ದ ಉಡುಪಿ ಕಡೆಯ ಸಂಧ್ಯಾರಾಣಿ ಎಂಬಾಕೆ ನಾಲ್ಕು ವರ್ಷದ ಹಿಂದೆ ಮೆಲ್ಬರ್ನಿನ ಡ್ಯಾಂಡಿನಾಂಗ್‌ಗೆ ಹೋಗಿದ್ದಾಳೆ. ಹಳೆಯ ನಂಬರಿಗೆ ಫೋನ್ ಹತ್ತುತ್ತಿಲ್ಲ. ಹೀಗಾಗಿ, ನನಗೆ ತಿಳಿದಂತೆ, ರುದ್ರವ್ವನ ಕೈಯ ಹೆಪ್ಪು ಭೂಮಿಯ ಮೇಲೆ ತಮ್ಮ ಫ್ರೀಜರಿನಲ್ಲಿ ಮಾತ್ರ ಉಳಿದಿದೆ. ಬರುವ ಜೂನ್ ಇಪ್ಪತ್ತೆಂಟಕ್ಕೆ ಆಕೆಯ ವರ್ಷದ ಪುಣ್ಯತಿಥಿ. ಆ ದಿನ ಎಡೆಗೆ ಮೊಸರುಬುತ್ತಿ ಇಡಬೇಕು. ಅಂಗಡಿಯ ಡಬ್ಬದ ಮೊಸರನ್ನು ಆಕೆಯ ಮುಂದೆ ಇಡುವ ಧೈರ್ಯ ನನಗಿಲ್ಲ.

ಆಕೆ ಹೋದ ಎರಡು ತಿಂಗಳಿಗೆ, ಆಕೆಯ ಹೆಸರಿಗೇ, ತಮ್ಮ ಸಂಶೋಧನೆಗಳ ವೈವಿಧ್ಯವನ್ನು ಸಾರುವ ಹೊಳೆಯುವ ಪುಸ್ತಕ ಬಂತು. ಓದಿಸಿಕೊಂಡು ಬೆರಗಾದೆ. ಬಸವನಹುಳುವಿನ ಚಿಪ್ಪು ಯಾವ ಕಡೆಗೆ ಸುತ್ತಿಕೊಳ್ಳುತ್ತದೆಂಬುದಕ್ಕೆ ತಮ್ಮಲ್ಲಿ ಮೂವರಿದ್ದಾರೆ. ಲಿಫ್ಟಿನಲ್ಲಿ ಅಪರಿಚಿತರು ಎಷ್ಟು ಹೊತ್ತು ಸುಮ್ಮನಿರುತ್ತಾರೆಂಬುದಕ್ಕೆ ಇಬ್ಬರು. ಆರುನೂರು ವರ್ಷದ ಹಿಂದಿನ ಬೇಕರಿಯವರ ಜಗಳಗಳಿಗೆ ಒಬ್ಬ ಪ್ರೊಫೆಸರ್. ಜ್ಞಾನದ ಒಂದು ಮೂಲೆಯಲ್ಲೂ ತಾವು ಧೂಳು ಕೂರಲು ಬಿಟ್ಟಿಲ್ಲ. ನಲವತ್ತೊಂದನೆಯ ಪುಟದಲ್ಲಿ ರುದ್ರವ್ವನ ಹೆಪ್ಪಿನ ಬಣ್ಣದ ಚಿತ್ರವಿದೆ. ಕೆಳಗೆ ‘ಮಾದರಿ ೨೧೭, ದಾನಿ: ಮಹಿಳೆ, ವಯಸ್ಸು ೬೪’ ಎಂದಿದೆ. ಹೆಸರು ಹಾಕಿದರೆ ಆಕೆಯ ಖಾಸಗಿತನಕ್ಕೆ ಧಕ್ಕೆಯಂತೆ. ಆಕೆಯನ್ನು ಇಷ್ಟು ಜೋಪಾನವಾಗಿ ಮರೆಮಾಡಿದ್ದಕ್ಕೆ ಕೃತಜ್ಞ.

ಒಂದು ಚಮಚ ಹಿಂದಿರುಗಿಸಿ ಎಂದು ಬರೆದೆ. ಹನ್ನೆಲೋರಳ ಕೆಲಸದ ಅವಧಿ ಮುಗಿದು ಆಕೆ ಎಲ್ಲಿದ್ದಾಳೆಂದು ತಮಗೂ ತಿಳಿಯದೆಂದು ಉತ್ತರ ಬಂತು. ಹೆಪ್ಪನ್ನು ಇಟ್ಟುಕೊಂಡು, ಅದನ್ನು ತಂದವಳನ್ನು ಕಳೆದುಕೊಂಡ ತಮ್ಮ ಶಿಸ್ತಿಗೆ ನಮಸ್ಕಾರ. ಸೂಕ್ಷ್ಮಜೀವಿ ವಿಭಾಗವು, ಮಾದರಿಯು ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗೆ ಸುಖವಾಗಿ ನಿದ್ರಿಸುತ್ತಿದ್ದು ೨೦೩೧ರವರೆಗೆ ಎಬ್ಬಿಸುವಂತಿಲ್ಲ ಎಂದಿತು. ಕಾನೂನು ವಿಭಾಗವು, ಹೆಪ್ಪು ಯಾರ ಸ್ವತ್ತು, ರುದ್ರವ್ವನದೋ, ಹಾಲಿನ ಕಂಪನಿಯದೋ, ಧಾರವಾಡದ ಎಮ್ಮೆಯದೋ ಎಂಬ ಪ್ರಶ್ನೆ ಸೊಗಸಾಗಿರುವುದರಿಂದ ಒಬ್ಬ ವಿದ್ಯಾರ್ಥಿಗೆ ಪಿಎಚ್‌ಡಿಗೆ ಕೊಟ್ಟಿದೆಯಂತೆ. ಎಮ್ಮೆ ತೀರಿಹೋಗಿದೆ, ಆ ವಿದ್ಯಾರ್ಥಿಗೆ ದಯವಿಟ್ಟು ತಿಳಿಸಿ. ತತ್ವಶಾಸ್ತ್ರದವರು, ದಿನವೂ ಹೊಸದಾಗುವ ಮೊಸರು ನಿಜವಾಗಿಯೂ ಹಳೆಯದೇ ಹೌದೋ ಎಂದು ಕೇಳಿದ್ದಾರೆ. ರುದ್ರವ್ವ ಅದನ್ನು ಯಾವತ್ತೂ ಕೇಳಿಕೊಂಡವಳಲ್ಲ. ನಾಳೆಗೆ ಸಾಕಾಗುತ್ತದೋ ಇಲ್ಲವೋ ಎಂದಷ್ಟೇ ನೋಡುತ್ತಿದ್ದಳು. ಮಾನವಶಾಸ್ತ್ರದವರು ಹೆಪ್ಪು ಕೊಡಲಾರೆವೆಂದೂ, ಆದರೆ ಹೆಪ್ಪಿಲ್ಲದ ಮನೆಯ ಅನುಭವದ ಬಗ್ಗೆ ನಾನು ಎರಡು ಗಂಟೆ ಮಾತನಾಡಿದರೆ ಧ್ವನಿಮುದ್ರಿಸಿಕೊಳ್ಳುವೆವೆಂದೂ ಬರೆದಿದ್ದಾರೆ. ಆ ಮನೆಯಲ್ಲಿ ಎರಡು ಗಂಟೆ ಮಾತನಾಡುವವರೇ ಯಾರೂ ಇಲ್ಲ, ಅನುಭವ ಅದೇ.

ಇವರಾರ ಮೇಲೂ ನನಗೆ ಬೇಸರವಿಲ್ಲ. ಸಂಖ್ಯಾಶಾಸ್ತ್ರದವರ ಪತ್ರ ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. ಹೆಪ್ಪು ನಮ್ಮದೆಂದು ತೋರಿಸಲು ದಿನಚರಿಯ ಹಾಳೆಗಳ ಫೋಟೋ ಕಳಿಸಿದ್ದೆನಷ್ಟೇ. ಅವರು ಹನ್ನೊಂದು ವರ್ಷದ ಮೊಸರನ್ನೆಲ್ಲ ಗೆರೆಗಳಾಗಿ ಬರೆದು, ಬಹಳ ಅಪರೂಪದ ಮಾಹಿತಿಯೆಂದು ಹೊಗಳಿ, ಕೊನೆಯ ಹದಿನೇಳು ದಿನದ ಕಾಲಂ ಖಾಲಿಯಿರುವುದು ಗೆರೆಯ ಅಂದ ಕೆಡಿಸುತ್ತಿರುವುದರಿಂದ ಅಲ್ಲಿ ಸರಾಸರಿಯನ್ನು ತುಂಬಲು ಒಪ್ಪಿಗೆ ಕೇಳಿದ್ದಾರೆ. ಮಾನ್ಯರೇ, ಅವರು ಕಳಿಸಿದ ಲೆಕ್ಕದಂತೆ ಸರಾಸರಿ ‘ಚೆನ್ನಾಗಿದೆ’. ಆ ಹದಿನೇಳು ದಿನ ಚೆನ್ನಾಗಿರಲಿಲ್ಲ. ಖಾಲಿಯನ್ನು ಖಾಲಿಯಾಗಿಯೇ ಬಿಡಲು ತಮ್ಮಲ್ಲಿ ಯಾವುದಾದರೂ ವಿಭಾಗವಿದ್ದರೆ ಆ ಹಾಳೆಯನ್ನು ಅವರಿಗೆ ಒಪ್ಪಿಸಿ.

ಆದುದರಿಂದ ನನ್ನ ಸಣ್ಣ ಬೇಡಿಕೆಗಳು. ನಲವತ್ತೆರಡನೆಯ ವಿಭಾಗವೊಂದನ್ನು ಸ್ಥಾಪಿಸಿ, ಅದಕ್ಕೆ ಒಬ್ಬ ಮನುಷ್ಯನನ್ನೂ ಒಂದು ಚಮಚವನ್ನೂ ನೇಮಿಸಬೇಕು. ಆ ಮನುಷ್ಯ ಓದಿರಬೇಕಿಲ್ಲ. ಕೇಳಿದವರಿಗೆ ಕೊಡಬೇಕು, ಅಷ್ಟೇ. ದೀಪ ಹಚ್ಚಿದ ಮೇಲೆ ಕೊಡಬಾರದಾದ್ದರಿಂದ ವೇಳೆಯನ್ನೂ ನಾನೇ ಹುಡುಕಿದ್ದೇನೆ. ಜೂನ್‌ನಲ್ಲಿ ನಮ್ಮ ಸಂಜೆ ನಾಲ್ಕಕ್ಕೆ ತಮ್ಮಲ್ಲಿ ಬೆಳಗಿನ ಎಂಟು. ಎರಡೂ ದೇಶದಲ್ಲಿ ಬೆಳಕಿರುತ್ತದೆ. ಆ ಹೊತ್ತಿನಲ್ಲಿ ಕೊಟ್ಟರೆ ಯಾರ ನಿಯಮವೂ ಮುರಿಯುವುದಿಲ್ಲ. ಈ ದೇಶದವರು ಅದನ್ನು ಒಳಗೆ ಬಿಡುವುದಿಲ್ಲವೆಂದಾದರೆ ಹೇಗೆ ತರಬೇಕೆಂದು ನನಗೆ ಗೊತ್ತು. ನನ್ನ ಹತ್ತಿರ ಇನ್ನೂ ಎರಡು ಧೋತರಗಳಿವೆ.

ಒಂದು ಚಮಚಕ್ಕಿಂತ ಹೆಚ್ಚೇನೂ ಕೇಳದ,
ತಮ್ಮ ವಿಶ್ವಾಸಿ,
ಚನ್ನಬಸಯ್ಯ
ಗಿರಾವೀನ್

ತಾ.ಕ. (ಅಚ್ಚಿಗೆ ಹೋಗುವ ಮುನ್ನ ಸೇರಿಸಿದ್ದು): ಪತ್ರವನ್ನು ಸಂಘದವರಿಗೆ ಕೊಟ್ಟ ವಾರಕ್ಕೆ, ಅವರಲ್ಲೊಬ್ಬರಿಂದ ವಿಷಯ ಕೇಳಿ ಡ್ಯಾಂಡಿನಾಂಗ್‌ನ ಸಂಧ್ಯಾರಾಣಿ ಹನ್ನೊಂದು ಗಂಟೆ ಕಾಲ ರೈಲಿನಲ್ಲಿ ಕೂತು, ಹೆಪ್ಪಿನ ಸ್ಟೀಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಳು. ಮನೆ ಮುಟ್ಟುವಾಗ ಕತ್ತಲಾಗಿತ್ತು. ಕೈ ಚಾಚಿದೆ; ಕೊಡಲಿಲ್ಲ. “ದೀಪ ಹಚ್ಚಿ ಆಯ್ತಲ್ಲ ಅಂಕಲ್, ಈಗ ಕೊಟ್ರೆ ಆಂಟಿ ನನ್ನನ್ನು ಸುಮ್ಮನೆ ಬಿಡ್ತಾರಾ? ಬೆಳಿಗ್ಗೆ ಕೊಡ್ತೇನೆ ಮಾರಾಯ್ರೆ” ಎಂದಳು. ಡಬ್ಬಿ ಬೆಳಗಿನವರೆಗೆ ನನ್ನದೇ ಫ್ರಿಜ್ಜಿನಲ್ಲಿತ್ತು, ಆದರೂ ನನ್ನದಾಗಿರಲಿಲ್ಲ. ನಿಯಮ ಪಾಲಿಸುವುದೆಂದರೆ ಹೀಗೆ ಎಂದು ತಮ್ಮ ಗಮನಕ್ಕೆ ತರುತ್ತೇನೆ. ಪುಣ್ಯತಿಥಿಗೆ ಬುತ್ತಿಯಾಯಿತು. ಆ ದಿನದ ದಿನಚರಿ: ‘ಮೊಸರು ನೀರು ನೀರು. ಹಾಲು ಸುಡುತ್ತಿತ್ತು, ತಪ್ಪು ನನ್ನದು. ನಾಳೆಗೆ ತೆಗೆದಿಟ್ಟಿದೆ.’ ಇದನ್ನು ಸಂಖ್ಯಾಶಾಸ್ತ್ರದವರಿಗೆ ತೋರಿಸಬೇಡಿ. ತಮ್ಮ ಮಾದರಿ ೨೧೭ನ್ನು ತಾವೇ ಇಟ್ಟುಕೊಳ್ಳಿ. ಉಣ್ಣದೆ ಇಟ್ಟದ್ದು ಒಂದಲ್ಲ ಒಂದು ದಿನ ಕೆಡುತ್ತದೆ. ಆಗ ರುದ್ರವ್ವನ ಮಾತಿನಂತೆ ನಮ್ಮ ಮನೆಗೆ ಬನ್ನಿ. ಫಾರ್ಮು ಬೇಡ, ಬಟ್ಟಲು ತನ್ನಿ, ಕತ್ತಲಾಗುವುದರೊಳಗೆ ಬನ್ನಿ.