ಎರಡು ಕವರ್ ಹಾರ್ಮೋನ್

ಹಾರ್ಮೋನ್ ವಿಷಯದಲ್ಲಿ ನನಗೆ ಪಾಠ ಹೇಳುವವರು ಸೋಮವಾರಪೇಟೆ ಕಡೆ ಇನ್ನೂ ಹುಟ್ಟಿಲ್ಲ! ಕಾಫಿ ಕಾಯಿ ಉದುರದಂತೆ ವರ್ಷವರ್ಷವೂ ತೋಟಕ್ಕೆ ಹಾರ್ಮೋನ್ ಹೊಡೆಸುವ ಮಹಾಶಯ ನಾನು. ಹಾಗಾಗಿ, ಮುಟ್ಟು ನಿಂತ ಮೇಲೆ ಮೈಯುರಿ, ಬೆವರು, ನಿದ್ದೆಗೇಡು ಎಂದು ನರಳುತ್ತಿದ್ದ ನನ್ನ ಹೆಂಡತಿ ನೀಲಾವತಿಗೆ ಡಾಕ್ಟರಮ್ಮ ಎಲ್ಲ ಪರೀಕ್ಷೆ ಮಾಡಿಸಿ, ಮೈಯಲ್ಲಿ ಕಡಿಮೆಯಾದ ಹಾರ್ಮೋನನ್ನು ಹೊರಗಿನಿಂದ ಕೊಡೋಣ, ಮೂಳೆಗೂ ಒಳ್ಳೆಯದು ಎಂದಾಗ ತಜ್ಞನಂತೆ ತಲೆಯಾಡಿಸಿದವನೂ ನಾನೇ. ತೋಳಿಗೆ ಹಚ್ಚಲು ಜೆಲ್, ಜೊತೆಗೊಂದು ಮಾತ್ರೆ. ಕೆಲವೇ ವಾರಗಳಲ್ಲಿ ಅವಳ ಉರಿ ಇಳಿಯಿತು, ನಿದ್ದೆ ಹತ್ತಿತು, ನನ್ನ ಮೇಲಿನ ಸಿಡಿಮಿಡಿಯೂ ಅರ್ಧಕ್ಕಿಳಿಯಿತು.

ಜೆಲ್ ಮುಗಿಯುತ್ತ ಬಂತು. ತನ್ನ ಅಕ್ಕನ ಮಗಳು ಐಶ್ವರ್ಯಳ ಮದುವೆಯಲ್ಲಿ ರೇಷ್ಮೆ ಸೀರೆಯೊಳಗೆ ಬೇಯಲು ತನ್ನಿಂದಾಗದು, ಮರೆಯದೆ ತನ್ನಿ ಎಂದಳು ನೀಲಾವತಿ. ಮರೆಯುವುದೇ? ನಾನೇ? ಒಂದೇ ಓಟದಲ್ಲಿ ಕುಶಾಲನಗರದಿಂದ ಎರಡೂ ಹಾರ್ಮೋನ್ ತಂದೆ. ಒಂದು ಕವರ್ ಮೆಡಿಕಲ್ ಶಾಪಿನದು, ಇನ್ನೊಂದು ಗೊಬ್ಬರದಂಗಡಿಯದು. ಒಂದನ್ನು ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಸಿದ್ದರಾಜುವಿಗೆ ಕೊಟ್ಟು, ಇನ್ನೊಂದನ್ನು ಬೀರುವಿನ ಮೇಲಿಟ್ಟೆ.

ಸ್ವಲ್ಪ ಹೊತ್ತಿಗೆ ಸಿದ್ದರಾಜುವಿನ ಫೋನ್ ಬಂತು. "ಸಾರ್, ಈ ಸಲದ ಹಾರ್ಮೋನು ಪೇಸ್ಟ್ ಇದ್ದಂಗಿದೆಯಲ್ಲ?"

"ಹೊಸ ಕಂಪನೀದು ಕಣೋ. ಅಷ್ಟನ್ನೂ ಡ್ರಮ್ಮಿಗೆ ಹಿಂಡಿ ಕಲಸು."

ಕಲಸಿದ, ಹೊಡೆಸಿದ. ಸಂಜೆ ನೀಲಾವತಿ ಕಾಫಿ ಗಿಡದ ಚಿತ್ರವಿದ್ದ ಬಾಟಲಿಯೊಂದನ್ನು ನನ್ನ ಮೂಗಿನ ಮುಂದೆ ಹಿಡಿದಳು.

"ಇದನ್ನ ತೋಳಿಗೆ ಹಚ್ಕೊಳ್ಳೋದೋ, ಬುಡಕ್ಕೆ ಹುಯ್ಕೊಳ್ಳೋದೋ?"

ಬಿದ್ದೆನೋ ಸತ್ತೆನೋ ಎಂದು ಕುಶಾಲನಗರಕ್ಕೆ ಓಡಿದೆ. ಸ್ಟಾಕ್ ಇಲ್ಲ, ಮೈಸೂರಿನಿಂದ ಬರಬೇಕು ಎಂದರು. ಮಡಿಕೇರಿಗೆ ಫೋನ್ ಮಾಡಿದರೆ ಅಲ್ಲೂ ಅದೇ ಉತ್ತರ. ಮದುವೆಯ ದಿನಕ್ಕೆ ಸರಿಯಾಗಿ ಉರಿ ಮರಳಿ ಬಂತು.

ಕಲ್ಯಾಣ ಮಂಟಪದಲ್ಲಿ ಲಗ್ನಪತ್ರಿಕೆಯನ್ನೇ ಬೀಸಣಿಗೆ ಮಾಡಿಕೊಂಡು ಅವಳ ಪಕ್ಕ ಕುಳಿತೆ. ಕೆನ್ನೆ ಕೆಂಪಾಗಿ ಅವಳು ಬೆವರು ಒರೆಸಿಕೊಳ್ಳುವುದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಸುತ್ತಲಿನ ಹೆಂಗಸರಿಗೆ ಕಂಡದ್ದೇ ಬೇರೆ. ಇಂಥ ಗಂಡ ಸಿಗಲು ಪುಣ್ಯ ಮಾಡಿರಬೇಕು ಎಂದು ತಮ್ಮ ತಮ್ಮ ಗಂಡಂದಿರನ್ನು ತಿವಿದರು. ನನ್ನ ಎದೆ ಉಬ್ಬಿತು. ಆದರ್ಶ ಪತಿಯಂತೆ ಮುಗುಳ್ನಕ್ಕೆ!

"ಪ್ರೀತಿ ಅಲ್ಲ ಕಣ್ರೇ," ಎಂದಳು ನೀಲಾವತಿ, ಮಂಟಪಕ್ಕೆಲ್ಲ ಕೇಳುವಂತೆ. "ನನ್ನ ಔಷಧಿನ ತಗೊಂಡ್ಹೋಗಿ ಕಾಫಿ ಗಿಡಕ್ಕೆ ಹೊಡ್ಸಿದಾರೆ. ಗಿಡ ತಣ್ಣಗಿದಾವೆ, ನಾನು ಉರೀತಿದೀನಿ."

ಅವಳ ತಂಗಿ ರಂಜಿತಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಹಂಗಾದ್ರೆ ಇನ್ನೊಂಚೂರು ಜೋರಾಗಿ ಬೀಸಿ, ಭಾವ."